ಬಯಲಿನೊಳಗಿನ ಚುಕ್ಕಿಗಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಬೇಕಾದವನು ನಾನಲ್ಲ. ನಾನು ವಿಜ್ಞಾನಿಯಲ್ಲ. ಪ್ರಯೋಗಾಲಯದಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಸೇರಿ, ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಾ ಪದವಿ ಮುಗಿಸಿ, ಆಮೇಲೆ ಸಹಾಯಕ ಅನ್ನಿಸಿಕೊಂಡವನು. ಹಗಲು ಹೊತ್ತಿನಲ್ಲಿ ಓದಿದವರಿಗೆ ಪೂರ್ತಿ ತಿಳಿದಿರುವುದು ನನಗೆ ಅರ್ಧ ಮಾತ್ರ ತಿಳಿದಿದೆ ಎಂಬ ಅನುಮಾನ ಇವತ್ತಿಗೂ ಬಿಟ್ಟಿಲ್ಲ. ಇಲ್ಲಿ ಎಲ್ಲಾದರೂ ಎಡವಿದ್ದರೆ ಆ ತಪ್ಪು ನನ್ನದು, ಮೇಡಂ ಅವರದಲ್ಲ. ಅವರು ಇದನ್ನು ಎಂದೂ ಬರೆಯುವುದಿಲ್ಲ. ಬರೆಯುವವರು ಬೇರೆ ಯಾರೂ ಇಲ್ಲ.

ಮೇಡಂ ತಮ್ಮ ಇಡೀ ಕೆಲಸದ ಬದುಕಿನಲ್ಲಿ ಕೇಳಿಕೊಂಡದ್ದು ಒಂದೇ ಪ್ರಶ್ನೆ. ಒಂದು ಔಷಧಿಗೆ ಬಗ್ಗದೆ ಬದುಕುವುದನ್ನು ಕಲಿತ ಬ್ಯಾಕ್ಟೀರಿಯಾ, ಆ ಔಷಧಿಯೇ ಎದುರಿಗಿಲ್ಲದಿದ್ದರೆ, ಕಲಿತದ್ದನ್ನು ಮರೆಯುತ್ತದೆಯೇ? ಮರೆಯುತ್ತದೆ ಎಂದು ಅವರ ನಂಬಿಕೆ. ಔಷಧಿಯನ್ನು ತಡೆದುಕೊಳ್ಳುವುದಕ್ಕೂ ಶಕ್ತಿ ಬೇಕು, ಆ ಖರ್ಚನ್ನು ಸುಮ್ಮನೆ ಯಾವ ಜೀವಿಯೂ ಮಾಡುವುದಿಲ್ಲ ಎನ್ನುತ್ತಿದ್ದರು. ನಾನು ಸೇರಿದ ಹೊಸದರಲ್ಲಿ, ನನ್ನ ಮುಖ ನೋಡಿ, "ಮಳೆನೇ ಬರದ ಊರಲ್ಲಿ ಯಾರ್ರೀ ದಿನಾ ಛತ್ರಿ ಹೊತ್ಕೊಂಡು ತಿರುಗ್ತಾರೆ?" ಎಂದು ಕೇಳಿದ್ದರು. ನನಗೆ ಅಷ್ಟು ಸಾಕಾಯಿತು.

ಅದನ್ನು ಪರೀಕ್ಷಿಸುವ ದಾರಿ ಮಾತ್ರ ಬೇಸರ ಹಿಡಿಸುವಂಥದು. ಅಲುಗಾಡುವ ಯಂತ್ರದ ಮೇಲೆ ಒಂದು ಸಾಲು ಗಾಜಿನ ಫ್ಲಾಸ್ಕುಗಳು. ಒಂದೊಂದರಲ್ಲೂ ಆಸ್ಪತ್ರೆಯಿಂದ ಬಂದ, ಹಳೆಯ ಔಷಧಿಯೊಂದಕ್ಕೆ ಜಗ್ಗದ ಬ್ಯಾಕ್ಟೀರಿಯಾ. ದಿನವೂ ಹಳೆಯ ಫ್ಲಾಸ್ಕಿನಿಂದ ಒಂದು ಹನಿ ತೆಗೆದು ಹೊಸ ಫ್ಲಾಸ್ಕಿನ ಪೋಷಕ ದ್ರವಕ್ಕೆ ಹಾಕಬೇಕು. ಮರುದಿನ ಮತ್ತೆ ಅದೇ. ಔಷಧಿ ಮಾತ್ರ ಹಾಕುವಂತಿಲ್ಲ. ನಾವು ಇದಕ್ಕೆ ಊಟ ಹಾಕುವುದು ಎನ್ನುತ್ತಿದ್ದೆವು. ರಜೆ, ಜ್ವರ, ಮುಷ್ಕರ ಯಾವುದೂ ಊಟಕ್ಕೆ ಅಡ್ಡ ಬರುವಂತಿರಲಿಲ್ಲ. ಒಂದು ಭಾನುವಾರ ಮೇಡಂ, ಒಂದು ಭಾನುವಾರ ನಾನು.

"ಮಗಳು ಹುಟ್ಟಿದ ದಿನಾನೂ ಅವಕ್ಕೆ ಊಟ ಹಾಕಿಯೇ ಬಂದ್ರಲ್ಲ, ಮದುವೆ ಆಗೋ ಮುಂಚೆ ಒಂದು ಮಾತು ಹೇಳಿದ್ರೆ ನಾನೂ ಒಂದು ಫ್ಲಾಸ್ಕಲ್ಲಿ ಕೂತ್ಕೋತಿದ್ದೆ," ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅವಳ ಮಾತಿನಲ್ಲಿ ತಮಾಷೆ ಎಷ್ಟು, ಸಿಟ್ಟು ಎಷ್ಟು ಎಂದು ಬೇರ್ಪಡಿಸುವ ಯಂತ್ರ ನಮ್ಮಲ್ಲಿರಲಿಲ್ಲ.

ನಮ್ಮದು ಕಟ್ಟಡದ ಹಿಂಬದಿಯ ಕೋಣೆ. ಕಿಟಕಿಯಾಚೆ ಸೈಕಲ್ ನಿಲ್ಲಿಸುವ ಜಾಗ. ಅಲುಗಾಡುವ ಯಂತ್ರದ ಗರಗರ ಸದ್ದು ಕಿವಿಯೊಳಗೆ ಮನೆ ಮಾಡಿಕೊಂಡು, ಮನೆಗೆ ಹೋದ ಮೇಲೂ ಸ್ವಲ್ಪ ಹೊತ್ತು ಇಳಿಯುತ್ತಿರಲಿಲ್ಲ. ಉಳಿದ ವಿಜ್ಞಾನಿಗಳು ಹೊಸ ಔಷಧಿ ಹುಡುಕುವ ಕೆಲಸಕ್ಕೆ ಹೋದರು, ಮುಂಬದಿಯ ಕೋಣೆಗಳು ಅವರಿಗೆ ಸಿಕ್ಕವು. ಮೇಡಂಗೆ ಬೆನ್ನ ಹಿಂದೆ ಹುಳದಮ್ಮ ಎಂಬ ಹೆಸರು ಬಿತ್ತು. ಅದು ಅವರ ಕಿವಿಗೂ ಬಿದ್ದಿತ್ತು. "ಹುಳ ಅಂದ್ರೆ ಕಾಲಾದ್ರೂ ಇರುತ್ತೆ. ನಮ್ಮವಕ್ಕೆ ಅದೂ ಇಲ್ಲ. ಇದ್ದಿದ್ರೆ ಇಷ್ಟೊತ್ತಿಗೆ ಈ ರೂಮು ಬಿಟ್ಟು ಓಡಿಹೋಗ್ತಿದ್ವು," ಎಂದರು. ನಗಲಿಲ್ಲ. ಕುರ್ಚಿಗೆ ಒರಗಿ, ಚಪ್ಪಲಿ ಕಳಚಿ, ಊದಿಕೊಂಡ ಪಾದವನ್ನು ಇನ್ನೊಂದು ಪಾದದಿಂದ ಒತ್ತಿಕೊಂಡರು.

ಮೇಡಂ ಮದುವೆಯಾಗಲಿಲ್ಲ. ಅವರ ಹತ್ತಿರದವರೆಂದರೆ ಒಬ್ಬ ತಮ್ಮ, ದೊಡ್ಡ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಮುಖ್ಯ ವೈದ್ಯರು. ಆ ಬ್ಯಾಕ್ಟೀರಿಯಾ ಬಂದದ್ದೂ ಅವರ ವಾರ್ಡಿನಿಂದಲೇ. ಚರ್ಮ ಸುಟ್ಟುಹೋದವರ ಗಾಯಕ್ಕೆ ಅದು ಸೇರಿಕೊಂಡರೆ, ಕೊನೆಗೆ ಉಳಿಯುತ್ತಿದ್ದದ್ದು ಒಂದೇ ಔಷಧಿ. ಅದು ರೋಗ ವಾಸಿ ಮಾಡುತ್ತಿತ್ತು, ಜೊತೆಗೆ ಕೆಲವರ ಕಿಡ್ನಿಯನ್ನೂ ಕೆಡಿಸುತ್ತಿತ್ತು. ಹಳೆಯ ಔಷಧಿಗೆ ಆ ಕೆಟ್ಟ ಗುಣ ಇರಲಿಲ್ಲ, ಆದರೆ ಅದು ಕೆಲಸ ಮಾಡುವುದನ್ನೇ ನಿಲ್ಲಿಸಿತ್ತು.

"ಅದಕ್ಕೆ ಬೀಗ ಹಾಕು," ಎಂದು ತಮ್ಮನಿಗೆ ಹೇಳಿದವರು ಮೇಡಂ. "ವಾರ್ಡಲ್ಲಿ ಅದರ ಹೆಸರೂ ಎತ್ತಬೇಡ. ಕೆಲವು ವರ್ಷ ಅದಕ್ಕೆ ವಿಶ್ರಾಂತಿ ಕೊಡು. ನನ್ನ ಫ್ಲಾಸ್ಕಲ್ಲಿ ಏನಾಗುತ್ತೆ ನೋಡಿ ಹೇಳ್ತೀನಿ."

ತಮ್ಮ ಒಪ್ಪಿಕೊಂಡರು. ಕೈಯಲ್ಲಿದ್ದ ಔಷಧಿಯನ್ನು ಬಳಸದೆ ಕೂರಿಸಿದ್ದಕ್ಕೆ ಜೊತೆಯ ವೈದ್ಯರಿಂದ ಬೇಕಾದಷ್ಟು ಅನ್ನಿಸಿಕೊಂಡರು. ಅಕ್ಕನ ಮಾತಿನ ಮೇಲೆ ಇಡೀ ವಾರ್ಡನ್ನು ನಡೆಸಿದರು.

ವರ್ಷಗಳು ಕಳೆದವು. ನನ್ನ ಮಗಳು ಶಾಲೆಗೆ ಸೇರಿದಳು, ಮೇಡಂ ಕನ್ನಡಕದ ಗಾಜು ದಪ್ಪವಾಗುತ್ತಾ ಹೋಯಿತು. ಆಮೇಲೆ, ನಾವಿಬ್ಬರೂ ಹೆಚ್ಚೇನೂ ಎದುರು ನೋಡದೆ ಬರೀ ಅಭ್ಯಾಸಬಲದಿಂದ ಕೆಲಸ ಮಾಡುತ್ತಿದ್ದ ಒಂದು ಬೆಳಿಗ್ಗೆ, ಬಯಲು ಕಾಣಿಸಿತು.

ಬಯಲು ಎಂದರೆ ಏನೆಂದು ಹೇಳುತ್ತೇನೆ. ಚಪ್ಪಟೆ ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾವನ್ನು ಸಮನಾಗಿ ಸವರಿ, ನಡುವೆ ಔಷಧಿಯ ಒಂದು ಪುಟ್ಟ ಬಿಲ್ಲೆ ಇಡುತ್ತೇವೆ. ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆದು ಪ್ಲೇಟಿನ ತುಂಬ ಮಂಜು ಹಿಡಿದಂತೆ ಆಗುತ್ತದೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ದುಂಡನೆಯ ತಿಳಿ ಜಾಗ ಉಳಿಯುತ್ತದೆ. ಅದೇ ಬಯಲು. ಅಷ್ಟು ವರ್ಷ ನಮ್ಮ ಪ್ಲೇಟುಗಳಲ್ಲಿ ಮಂಜು ಬಿಲ್ಲೆಯ ಕಾಲಬುಡದವರೆಗೂ ಬಂದು ಮುಟ್ಟುತ್ತಿತ್ತು. ಆ ಬೆಳಿಗ್ಗೆ ಒಂದು ಫ್ಲಾಸ್ಕಿನ ಪ್ಲೇಟಿನಲ್ಲಿ ಅದು ಹಿಂದೆ ಸರಿದು ನಿಂತಿತ್ತು. ಮುಂದಿನ ವರ್ಷದೊಳಗೆ ಒಂದೊಂದಾಗಿ ಬೇರೆ ಫ್ಲಾಸ್ಕುಗಳೂ ಹಾಗೇ ಆದವು. ತಮ್ಮನ ವಾರ್ಡಿನಿಂದ ಹೊಸದಾಗಿ ಬಂದ ಮಾದರಿಗಳಲ್ಲೂ ಬಯಲು ಕಾಣತೊಡಗಿತು.

"ಮರೀತಾ ಇವೆ ಕಣ್ರೀ," ಎಂದರು ಮೇಡಂ. ಅವರು ಕುಣಿದಾಡಲಿಲ್ಲ. ಮೇಜಿನ ಮೇಲೆ ಎರಡೂ ಅಂಗೈ ಊರಿ ಬಹಳ ಹೊತ್ತು ನಿಂತಿದ್ದರು. "ಈಗ ಒಂದು ವಾರ ಮಲಗಿಬಿಡೋಣ ಅನ್ಸುತ್ತೆ. ಆದ್ರೆ ನಾಳೆ ಊಟ ಯಾರು ಹಾಕ್ತಾರೆ?"

ಮೇಡಂ ನಿವೃತ್ತಿಗೆ ಕೆಲವೇ ತಿಂಗಳಿರುವಾಗ ಆಸ್ಪತ್ರೆಯ ಔಷಧಿ ಸಮಿತಿಯ ಸಭೆ ಒಂದು ಸೋಮವಾರಕ್ಕೆ ನಿಗದಿಯಾಯಿತು. ಅಲ್ಲಿ ಅವರು ತಮ್ಮ ಫಲಿತಾಂಶ ಹೇಳಬೇಕು, ಸಮಿತಿ ಒಪ್ಪಿದರೆ ಮಾತ್ರ ಹಳೆಯ ಔಷಧಿಯ ಬೀಗ ತೆಗೆಯಬೇಕು, ಅದೀಗ ತಮ್ಮನೊಬ್ಬರ ಕೈಯಲ್ಲಿರಲಿಲ್ಲ. ತಮ್ಮನ ವಾರ್ಡಿನಲ್ಲಿ ಆಗ ಒಬ್ಬ ರೋಗಿ ಇದ್ದ. ಕಾರ್ಖಾನೆಯ ಬಾಯ್ಲರ್ ಸಿಡಿದು ಎದೆ, ತೋಳು ಬೆಂದವನು, ಎರಡು ಮಕ್ಕಳ ತಂದೆ. ಗಾಯಕ್ಕೆ ಅದೇ ಬ್ಯಾಕ್ಟೀರಿಯಾ ಸೇರಿತ್ತು. ಅವನ ಕಿಡ್ನಿ ಮೊದಲೇ ದುರ್ಬಲ. "ಅಕ್ಕ, ಸೋಮವಾರದ ತನಕ ಹೇಗೋ ಎಳೀತೀನಿ. ಸಭೆ ಮುಗಿದ ತಕ್ಷಣ ಹಳೇದನ್ನ ಶುರು ಮಾಡ್ತೀನಿ," ಎಂದು ತಮ್ಮ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಇಲ್ಲಿ ನಮ್ಮ ಕೋಣೆಯ ಒಂದು ಕಟ್ಟುನಿಟ್ಟನ್ನು ಹೇಳಬೇಕು. ಬೆಳಿಗ್ಗೆ ಪ್ಲೇಟು ನೋಡಿ ಬಯಲನ್ನು ಅಳೆದ ಮೇಲೆ, ಮಧ್ಯಾಹ್ನದೊಳಗೆ ಅದನ್ನು ಆಟೋಕ್ಲೇವಿಗೆ ಹಾಕಿ ಬೇಯಿಸಿಬಿಡಬೇಕು. ಆಟೋಕ್ಲೇವ್ ಎಂದರೆ ಆಳೆತ್ತರದ ಕುಕ್ಕರು ಅಂದುಕೊಳ್ಳಿ. ಮೇಡಂ ಚಿಕ್ಕವರಿದ್ದಾಗ ಕೆಲಸ ಮಾಡಿದ ಲ್ಯಾಬಿನಲ್ಲಿ ಹಳೆಯ ಪ್ಲೇಟುಗಳು ಮೂಲೆಯಲ್ಲಿ ರಾಶಿ ಬಿದ್ದು, ಒಂದರದು ಇನ್ನೊಂದಕ್ಕೆ ಸೇರಿ, ವರ್ಷದ ಕೆಲಸವೇ ಕೆಟ್ಟುಹೋಗಿತ್ತಂತೆ. ಅಂದಿನಿಂದ ಅವರು ಒಂದು ಪ್ಲೇಟನ್ನೂ ಎರಡನೆಯ ದಿನಕ್ಕೆ ಉಳಿಸುತ್ತಿರಲಿಲ್ಲ. ನೋಡು, ಅಳೆ, ಬೇಯಿಸು. ಪುಸ್ತಕಗಳೂ ಒಂದು ರಾತ್ರಿ ಸಾಕು ಎಂದೇ ಹೇಳುತ್ತವೆ. ಆದ್ದರಿಂದ ಇದರಲ್ಲಿ ಯಾರಿಗೂ ತಪ್ಪು ಕಾಣುವಂತಿರಲಿಲ್ಲ.

ಸಭೆಯ ಹಿಂದಿನ ಶುಕ್ರವಾರ ಆಟೋಕ್ಲೇವಿನ ಬಾಗಿಲ ರಬ್ಬರು ಹರಿದು, ಕೋಣೆಯ ತುಂಬ ಹಬೆ ತುಂಬಿಕೊಂಡಿತು. ರಿಪೇರಿಯವನು ಬಂದು ರಬ್ಬರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದಕ್ಕೆ ರಿಟೈರ್ಮೆಂಟ್ ಕೊಡ್ಬೇಕು ಮೇಡಂ," ಎಂದ.

"ಸಾಲಲ್ಲಿ ನನ್ನ ಹಿಂದೆ ನಿಲ್ಲಿಸಿ," ಎಂದರು ಮೇಡಂ.

ಹೊಸ ರಬ್ಬರು ಬರುವುದು ಸೋಮವಾರವೇ. ಅಳೆದು ಮುಗಿದ ಪ್ಲೇಟುಗಳನ್ನು ಬೇರೆಲ್ಲೂ ಇಡಲು ಮನಸ್ಸೊಪ್ಪದೆ, ಇನ್‌ಕ್ಯುಬೇಟರಿನ ಬೆಚ್ಚನೆಯ ಕಪಾಟಿನಲ್ಲೇ, ಕೆಳಗಿನ ಹಲಗೆಯ ಮೇಲೆ, ಬೇರೆಯಾಗಿ ಬಿಡಲು ಹೇಳಿದರು.

ಶನಿವಾರ ಬೆಳಿಗ್ಗೆ ನಾನು ಹೋದಾಗ ಮೇಡಂ ಕಿಟಕಿಯ ಹತ್ತಿರ ನಿಂತಿದ್ದರು. ಕೈಯಲ್ಲಿ ಹಿಂದಿನ ದಿನದ ಪ್ಲೇಟು. ಅದನ್ನು ಬೆಳಕಿಗೆ ಹಿಡಿದು ಓರೆ ಮಾಡುತ್ತಿದ್ದರು, ಇಳಿಸುತ್ತಿದ್ದರು, ಮತ್ತೆ ಎತ್ತುತ್ತಿದ್ದರು.

"ಈ ಕನ್ನಡಕ ಒರೆಸಿಕೊಡ್ರೀ."

ಒರೆಸಿಕೊಟ್ಟೆ. ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ಕನ್ನಡಕದ್ದಲ್ಲ," ಎಂದರು.

ನನ್ನ ಕೈಗೆ ಕೊಟ್ಟರು. ಮೊದಲು ನನಗೇನೂ ಕಾಣಲಿಲ್ಲ. ಮಂಜು, ನಡುವೆ ದುಂಡನೆಯ ಬಯಲು, ಅದರ ನಡುವೆ ಬಿಲ್ಲೆ. ಆಮೇಲೆ ಅವರು ಬೆರಳಿಟ್ಟು ತೋರಿಸಿದ ಕಡೆ, ತಿಳಿ ಜಾಗದೊಳಗೆ, ಸೂಜಿಮೊನೆಯಷ್ಟು ಬಿಳಿಯ ಚುಕ್ಕಿಗಳು ಕಂಡವು. ಒಂದೆರಡು ಬಿಲ್ಲೆಗೆ ತೀರಾ ಹತ್ತಿರದಲ್ಲಿದ್ದವು. ಅಲ್ಲಿ ಔಷಧಿ ಎಲ್ಲಕ್ಕಿಂತ ಗಟ್ಟಿಯಾಗಿರುತ್ತದೆ. ಬದುಕಬಾರದ ಜಾಗದಲ್ಲಿ ಅವು ಬದುಕಿದ್ದವು. ಒಂದು ರಾತ್ರಿಗೆ ಕಾಣುವಷ್ಟು ಬೆಳೆದಿರಲಿಲ್ಲ, ಎರಡನೆಯ ರಾತ್ರಿಗೆ ಕಂಡಿದ್ದವು.

"ಹೊರಗಿಂದ ಏನಾದ್ರೂ ಬಿದ್ದಿರಬಹುದಾ ಮೇಡಂ?"

"ಎಲ್ಲಾ ಪ್ಲೇಟಲ್ಲೂ ಬಿದ್ದಿವೆ ನೋಡಿ. ಎಲ್ಲದರಲ್ಲೂ ಬಯಲೊಳಗೇ ಬಿದ್ದಿವೆ. ಅಷ್ಟು ಗುರಿಯಿಟ್ಟು ಬೀಳೋಕೆ ಯಾರ ಕೈಲಾಗುತ್ತೆ?"

ಅವರು ಸ್ಟೂಲಿನ ಮೇಲೆ ಕೂತರು. ಆಮೇಲೆ ನನಗೆ ಅರ್ಥವಾಗಲೆಂದು ನಿಧಾನವಾಗಿ ಹೇಳಿದರು. ಫ್ಲಾಸ್ಕಿನಲ್ಲಿರುವ ಬಹುಪಾಲು ಬ್ಯಾಕ್ಟೀರಿಯಾ ನಿಜವಾಗಿಯೂ ಮರೆತಿರಬಹುದು. ಆದರೆ ಕೋಟಿಗೊಂದು ಮರೆತಿಲ್ಲ. ಉಳಿದವು ಸತ್ತು ಜಾಗ ಖಾಲಿಯಾದ ಮೇಲೆ ಆ ಒಂದು ನಿಧಾನಕ್ಕೆ ತಲೆ ಎತ್ತುತ್ತದೆ. ನಾವು ಅದು ತಲೆ ಎತ್ತುವ ಮೊದಲೇ ಪ್ರತಿದಿನ ಬೇಯಿಸುತ್ತಾ ಬಂದಿದ್ದೇವೆ. ಎಷ್ಟು ಕಾಲದಿಂದ ಅವು ಅಲ್ಲಿದ್ದವೋ ಈಗ ತಿಳಿಯುವ ದಾರಿಯಿಲ್ಲ, ಯಾಕೆಂದರೆ ಒಂದು ಹಳೆಯ ಪ್ಲೇಟೂ ಉಳಿದಿಲ್ಲ.

"ಅಚ್ಚುಕಟ್ಟು," ಎಂದರು. "ನನ್ನ ಅಚ್ಚುಕಟ್ಟು."

ಚಹಾ ತರಲೇ ಎಂದು ಕೇಳಿದೆ. ಬೇಡವೆಂದರು. "ನೀವೇನಂತೀರಿ? ಸೋಮವಾರ ಇದನ್ನ ಹೇಳಬೇಕಾ?"

"ನಂಗೇನು ಗೊತ್ತು ಮೇಡಂ."

"ಸರಿ, ಇಬ್ಬರಾದ್ವಿ."

ಮಧ್ಯಾಹ್ನ ತಮ್ಮ ಬಂದರು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದರು, ಕೊರಳಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಪ್ಲೇಟನ್ನು ನೋಡಿ ಮೇಜಿನ ಮೇಲಿಟ್ಟರು.

"ಇಷ್ಟೇನಾ? ನಾನೇನೋ ಫ್ಲಾಸ್ಕೆಲ್ಲಾ ಒಡೆದುಹೋಯ್ತೇನೋ ಅಂದ್ಕೊಂಡೆ."

"ಇದು ಅದಕ್ಕಿಂತ ಕೆಟ್ಟದ್ದೋ."

"ಅಕ್ಕ, ಕೋಟೀಲಿ ಒಂದು. ಒಂದೇ ಒಂದು! ನಮ್ಮ ವಾರ್ಡಿನ ಗೋಡೆ ಒರೆಸಿದ್ರೆ ಇದಕ್ಕಿಂತ ಜಾಸ್ತಿ ಸಿಗುತ್ತೆ."

"ಗೋಡೆಗೆ ನೀನು ಔಷಧಿ ಕೊಡಲ್ವಲ್ಲ. ಆ ಮನುಷ್ಯನ ಗಾಯದಲ್ಲಿ ಎಷ್ಟು ಕೋಟಿ ಇದಾವೆ ಹೇಳು."

ಪ್ಲೇಟನ್ನು ತಮ್ಮ ಆಚೆ ಸರಿಸಿದರು. ಆ ಲೆಕ್ಕ ಗೊತ್ತಿದ್ದವರು ಅವರೇ.

"ಮೈಯಲ್ಲಿ ರಕ್ತ ಇರುತ್ತೆ, ರಕ್ತದಲ್ಲಿ ಕಾವಲಿನವರು ಇರ್ತಾರೆ," ಎಂದರು. "ನಿನ್ನ ಪ್ಲೇಟಲ್ಲಿ ಯಾರಿದಾರೆ? ಔಷಧಿ ಮುಕ್ಕಾಲು ಪಾಲು ಕೊಂದ್ರೆ ಉಳಿದದ್ದನ್ನ ಮೈಯೇ ನೋಡ್ಕೊಳ್ಳುತ್ತೆ."

"ಅರ್ಧ ಚರ್ಮ ಬೆಂದಿರೋ ಮೈ?"

"ನೋಡ್ಕೊಳ್ಳಬಹುದು ಅಕ್ಕ."

"ನೋಡ್ಕೊಳ್ಳದೇನೂ ಇರಬಹುದು."

"ಹಾಗಾದ್ರೆ ನನ್ನ ಕೈಯಲ್ಲಿ ಏನು ಉಳೀತು? ಇನ್ನೊಂದು ಔಷಧಿ ಅವನ ಕಿಡ್ನಿ ತಿನ್ನುತ್ತೆ. ಅದರಲ್ಲಿ ಇರಬಹುದು ಗಿರಬಹುದು ಏನಿಲ್ಲ, ತಿಂದೇ ತಿನ್ನುತ್ತೆ." ದನಿ ಏರಿತ್ತು. ನನ್ನ ಕಡೆ ಒಮ್ಮೆ ನೋಡಿ ತಗ್ಗಿಸಿದರು. "ಬೀಗ ಹಾಕು ಅಂದೋಳು ನೀನು. ಹಾಕ್ದೆ. ಎಲ್ಲರ ಕೈಲೂ ಬೈಸ್ಕೊಂಡೆ. ಈಗ ತೆಗೆಯೋ ಹೊತ್ತಿಗೆ ಬೀಗದ ಕೈ ನುಂಗಿ ಕೂತಿದೀಯಲ್ಲ."

"ನಾನೇನು ತೆಗೀಬೇಡ ಅಂದ್ನಾ? ಕಂಡದ್ದನ್ನ ಹೇಳ್ತೀನಿ ಅಂತ ಅಷ್ಟೇ."

"ಆ ಸಮಿತಿಯವರ ಮುಂದೆ ನೀನು ಚುಕ್ಕಿ ಅಂದ್ರೆ ಅವರು ಹಳ್ಳ ಅಂತ ಕೇಳಿಸ್ಕೋತಾರೆ. ಗೊತ್ತಿಲ್ವಾ ನಿಂಗೆ? ಹದಿನೈದು ದಿನ ತಡೀ. ಬಾಯ್ಲರಿನವನು ಗುಣ ಆಗ್ಲಿ. ಆಮೇಲೆ ನಿನ್ನ ಚುಕ್ಕಿ ಹಿಡ್ಕೊಂಡು ಊರೆಲ್ಲಾ ಡಂಗುರ ಹೊಡಿ."

ತಮ್ಮನ ಅಂಗಿಯ ತೋಳಿನ ಮೇಲೆ ಏನೋ ಕಲೆ ಇತ್ತು, ಮೇಡಂ ಅದನ್ನು ಹೆಬ್ಬೆರಳಿನಿಂದ ಉಜ್ಜಿದರು. "ಏನಾದ್ರೂ ತಿಂದ್ಯಾ?" ಎಂದು ಕೇಳಿದರು. ಅವರು ತೋಳು ಎಳೆದುಕೊಂಡು ಹೊರಟುಹೋದರು.

ಆ ಭಾನುವಾರ ಊಟ ಹಾಕುವ ಸರದಿ ನನ್ನದು. ಆದರೂ ಮೇಡಂ ಬಂದಿದ್ದರು. ಚುಕ್ಕಿಗಳನ್ನು ಸೂಜಿಯಿಂದ ಎತ್ತಿ ಹೊಸ ದ್ರವಕ್ಕೆ ಹಾಕಿದರು. ನನಗೆ ಬಂದದ್ದು ಅವರ ಮೇಲಿನ ಮರುಕವೋ, ನನ್ನ ಸ್ವಂತ ವರ್ಷಗಳ ಮೇಲಿನ ಮರುಕವೋ ತಿಳಿಯದು. ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಸಾಮಾನ್ಯವಾಗಿ ಗೇಲಿ ಮಾಡುವವಳು ಅವತ್ತು ಮಾಡಲಿಲ್ಲ. "ಆ ಬೆಂದವನ ಹೆಂಡತೀನ ಯಾರಾದ್ರೂ ಕೇಳಿದ್ರಾ?" ಎಂದಳು. ಕೇಳಿರಲಿಲ್ಲ. ಕೇಳಬೇಕೆಂದು ನಮಗಾರಿಗೂ ಹೊಳೆದೂ ಇರಲಿಲ್ಲ.

ಸೋಮವಾರ ಪ್ಲೇಟುಗಳ ಡಬ್ಬಿ ಹಿಡಿದುಕೊಂಡು ನಾನೂ ಸಭೆಗೆ ಹೋದೆ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೆ. ಉದ್ದ ಮೇಜು, ನೀರಿನ ಲೋಟಗಳು, ಕರಕರ ಎನ್ನುವ ಫ್ಯಾನು. ಮೇಡಂ ಮಾತು ಶುರು ಮಾಡಿ, ಬಯಲಿನ ಚಿತ್ರಗಳನ್ನು ತೋರಿಸಿದರು. ಕೆಲವರು ತಲೆದೂಗಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಎದುರುಗಡೆ ತಮ್ಮ ಕೂತಿದ್ದರು, ಕಣ್ಣು ಮಿಟುಕಿಸದೆ ಅಕ್ಕನನ್ನೇ ನೋಡುತ್ತಿದ್ದರು. ಮೇಡಂ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದರು.

"ಇನ್ನೊಂದಿದೆ," ಎಂದರು. ಎರಡನೆಯ ದಿನದ ಪ್ಲೇಟಿನ ಚಿತ್ರ ಹಾಕಿದರು.

ಎಲ್ಲ ಕೇಳಿದ ಮೇಲೆ ಅಧ್ಯಕ್ಷರು, "ಅದೆಲ್ಲ ಇರಲಿ ಮೇಡಂ. ಈ ಔಷಧಿ ರೋಗಿಗೆ ಕೆಲಸ ಮಾಡುತ್ತೋ ಇಲ್ವೋ? ಹೌದೋ ಅಲ್ವೋ ಹೇಳಿ," ಎಂದರು.

"ಗೊತ್ತಿಲ್ಲ."

"ಇಷ್ಟು ವರ್ಷ ಆದಮೇಲೂ?"

"ಇಷ್ಟು ವರ್ಷ ಆದಮೇಲೇ ಗೊತ್ತಿಲ್ಲ ಅನ್ನೋದು ಗೊತ್ತಾಗಿದ್ದು."

ಯಾರೋ ನಕ್ಕರು. ಸಮಿತಿ ತೀರ್ಮಾನವನ್ನು ಮುಂದಕ್ಕೆ ಹಾಕಿತು. ಬೀಗ ತೆಗೆಯಲಿಲ್ಲ.

ಹೊರಗೆ ಮೆಟ್ಟಿಲ ಬಳಿ ತಮ್ಮ ಕಾದಿದ್ದರು. ನಾನು ಹಿಂದೆ ಸರಿದೆ, ಆದರೆ ಕೇಳಿಸದಷ್ಟು ದೂರ ಹೋಗಲು ಜಾಗವಿರಲಿಲ್ಲ.

"ನಿನ್ನ ಪ್ರಾಮಾಣಿಕತೆಗೆ ಒಂದು ಹಾಸಿಗೆ ಹಾಕಿಸ್ತೀನಿ ಅಕ್ಕ, ನಮ್ಮ ವಾರ್ಡಿಗೆ ಬಂದು ಮಲಗ್ಲಿ. ಇವತ್ತಿಂದ ಅವನಿಗೆ ಇನ್ನೊಂದು ಔಷಧಿ ಶುರು."

"ಬೈದುಬಿಡೋ. ಎಲ್ಲಾ ಬೈದುಬಿಡು."

"ಬೈಯೋಕೂ ಶಕ್ತಿ ಬೇಕು," ಎಂದು ಅವರು ಮೆಟ್ಟಿಲೇರಿ ಹೋದರು.

ಬಸ್ಸಿನಲ್ಲಿ ಮೇಡಂ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿದೆ ಎಂದುಕೊಂಡೆ. ನಮ್ಮ ನಿಲ್ದಾಣಕ್ಕೆ ಮುಂಚೆ ಕಣ್ಣು ತೆರೆಯದೆಯೇ ಕೇಳಿದರು: "ಹದಿನೈದು ದಿನ ತಡೀಬಹುದಿತ್ತಾ?"

ಏನಾದರೂ ಹೇಳಬೇಕಿತ್ತು. "ನಿಲ್ದಾಣ ಬಂತು ಮೇಡಂ," ಎಂದೆ.

ಬಾಯ್ಲರಿನವನು ಬದುಕಿದ. ಗಾಯ ಮಾಗಿತು. ಕಿಡ್ನಿ ಹೋಯಿತು. ಈಗ ವಾರದಲ್ಲಿ ಕೆಲವು ದಿನ ಆಸ್ಪತ್ರೆಗೆ ಬಂದು, ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಹೋಗುತ್ತಾನಂತೆ. ಸುದ್ದಿಯನ್ನು ಫೋನಿನಲ್ಲಿ ಹೇಳಿದ್ದು ತಮ್ಮನೇ. ಬೇರೇನೂ ಸೇರಿಸಲಿಲ್ಲವಂತೆ. ಮೇಡಂ ಫೋನಿಟ್ಟು, ಆ ದಿನದ ಊಟ ಹಾಕಲು ಎದ್ದರು.

ಸೂಜಿಯಿಂದ ಎತ್ತಿದ ಚುಕ್ಕಿಗಳದೂ ಒಂದು ಕತೆ. ಔಷಧಿಯಿಲ್ಲದ ದ್ರವದಲ್ಲಿ ಕೆಲವು ದಿನ ಬೆಳೆಸಿ ಮತ್ತೆ ಪರೀಕ್ಷಿಸಿದಾಗ ಅವೂ ಔಷಧಿಗೆ ಬಗ್ಗಿದವು, ಮೊದಲಿನಂತೆಯೇ ಬಯಲು ಬಿಟ್ಟವು. ಎರಡನೆಯ ದಿನ ಆ ಬಯಲಿನಲ್ಲಿ ಮತ್ತೆ ಚುಕ್ಕಿ. ಅಂದರೆ ಅವು ಮರೆಯುತ್ತವೆ, ಬೇಕಾದಾಗ ಎಲ್ಲೋ ಒಂದು ನೆನಪಿಸಿಕೊಳ್ಳುತ್ತದೆ, ಮತ್ತೆ ಮರೆಯುತ್ತದೆ. ಮೇಡಂ ಇದನ್ನು ಕಂಡು ನಕ್ಕರು. ಬಹಳ ದಿನದ ಮೇಲೆ ನಕ್ಕದ್ದು. "ನಾನು ಕೇಳಿದ ಪ್ರಶ್ನೆನೇ ಸರಿ ಇರ್ಲಿಲ್ಲ ಕಣ್ರೀ," ಎಂದರು. ಸರಿಯಾದ ಪ್ರಶ್ನೆ ಯಾವುದೆಂದು ಹೇಳುವ ಮೊದಲೇ ನಿವೃತ್ತಿ ಬಂತು. ಅವರು ಬರೆದ ಕೊನೆಯ ಲೇಖನದಲ್ಲಿ ಚುಕ್ಕಿಗಳ ಚಿತ್ರವೇ ಮೊದಲು ಬರುತ್ತದೆ. ಅದನ್ನು ಎಷ್ಟು ಜನ ಓದಿದರೋ ಕಾಣೆ.

ಅಕ್ಕ ತಮ್ಮ ಈಗ ಮಾತಾಡುತ್ತಾರೆ. ಹಲ್ಲುನೋವು, ಮನೆಯ ಬಾಡಿಗೆದಾರ, ಟೀವಿಯಲ್ಲಿ ಬಂದದ್ದು, ಇಂಥದು. ಆ ಒಂದು ವಿಷಯವನ್ನು ಇಬ್ಬರೂ ಎತ್ತುವುದಿಲ್ಲ. ಮೇಡಂ ಮನೆಗೆ ನಾನು ಆಗಾಗ ಹೋಗುತ್ತೇನೆ. ನಾನೂ ಎತ್ತುವುದಿಲ್ಲ.

ಆದರೆ ಯೋಚನೆ ಬರುತ್ತದೆ. ಆ ಸೋಮವಾರ ಮೇಡಂ ಸುಮ್ಮನಿದ್ದಿದ್ದರೆ, ಹಳೆಯ ಔಷಧಿ ಅವನ ಕಿಡ್ನಿಯನ್ನು ಉಳಿಸುತ್ತಿತ್ತೋ, ಅಥವಾ ಬಗ್ಗದ ಆ ಕೆಲವು ಬೆಳೆದು ಅವನನ್ನೇ ತೆಗೆದುಕೊಂಡು ಹೋಗುತ್ತಿದ್ದವೋ? ಅವನ ಗಾಯದ ಮಾದರಿಯನ್ನು ಎರಡು ದಿನ ಇಟ್ಟು ಯಾರೂ ನೋಡಲಿಲ್ಲ. ಅದರಲ್ಲಿ ಚುಕ್ಕಿ ಇತ್ತೇ ಇಲ್ಲವೇ ಎಂಬುದೂ ತಿಳಿಯದು. ನನಗಿಂತ ಹೆಚ್ಚು ಓದಿದ ಇಬ್ಬರನ್ನು ಕೇಳಿದೆ. ಒಬ್ಬರು ಕಿಡ್ನಿ ಉಳಿಯುತ್ತಿತ್ತು ಎಂದರು, ಒಬ್ಬರು ಆಳೇ ಉಳಿಯುತ್ತಿರಲಿಲ್ಲ ಎಂದರು. ನನಗೆ ಗೊತ್ತಿಲ್ಲ.